ಚಿಕ್ಕಪ್ಪನ ಸಾವಿನ ಮೇಲೆ ಸ್ಟಿಕ್ಕರ್ ಮಾಡಿದ್ದಾರೆ. ಜೂನ್‌ನಲ್ಲಿ ಅಂಥದ್ದೇ ಒಂದನ್ನು ನಾನೂ ಕಳಿಸಿದ್ದೆ. ಕೋಪ ಮಾಡಿಕೊಳ್ಳುವ ಹಕ್ಕು ನನಗಿದೆಯಾ?

ಅಡಿಕೆಸೀಮೆ:

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಮನೆಯಲ್ಲಿ ಈ ಮಾತು ಎತ್ತುವ ಹಾಗಿಲ್ಲ. ಆಫೀಸಿನಲ್ಲಿ ಹೇಳಿಕೊಳ್ಳುವಷ್ಟು ಸಲಿಗೆ ಯಾರ ಜೊತೆಗೂ ಇಲ್ಲ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮದು ಮಲೆನಾಡು. ಅಡಿಕೆ ತೋಟದ ಮನೆ. 2025ರ ನವೆಂಬರ್‌ನಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡರು. 54 ವರ್ಷ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುತ್ತಿದ್ದಾಗ ಕೊಯ್ಯುವ ಉದ್ದ ಕೋಲು, ದೋಟಿ, ಕರೆಂಟ್ ಲೈನಿಗೆ ತಾಗಿತು.

ಅಡಿಕೆ ಸೀಮೆಯವರಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ನಮ್ಮ ಮರಗಳು ಐವತ್ತು ಅರವತ್ತು ಅಡಿ ಎತ್ತರ. ಮೊದಲೆಲ್ಲ ಕೊನೆಗೌಡ ಬರುತ್ತಿದ್ದ. ಒಂದು ಮರ ಹತ್ತಿದರೆ ಮೇಲಿಂದ ಮೇಲೇ ಪಕ್ಕದ ಮರಕ್ಕೆ ದಾಟುತ್ತಾ ಹೋಗುತ್ತಿದ್ದ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತಿತ್ತು. ಹಗ್ಗದ ತುದಿ ಹಿಡಿಯುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಈಗ ಆ ಕಸುಬು ಬಲ್ಲವರು ಸಿಗುವುದಿಲ್ಲ. ಸಿಕ್ಕರೂ ನಮ್ಮ ಸರದಿ ಬರುವ ಹೊತ್ತಿಗೆ ಕಾಯಿ ಬಲಿತು ಹಣ್ಣಾಗಿರುತ್ತದೆ. ಹಾಗಾಗಿ ಎಲ್ಲರೂ ದೋಟಿ ತಂದಿದ್ದಾರೆ. ಕಪ್ಪಗೆ, ಹಗುರವಾಗಿ, ಒಂದರೊಳಗೊಂದು ಸೇರುವ ಫೈಬರ್ ದೋಟಿ. ತುದಿಗೆ ಕತ್ತಿ. ನೆಲದ ಮೇಲೆ ನಿಂತೇ ಕೊಯ್ಯಬಹುದು. "ಇನ್ನು ಮರ ಹತ್ತಿ ಬೀಳುವ ಭಯ ಇಲ್ಲ ಮಾರಾಯ" ಅಂತ ಚಿಕ್ಕಪ್ಪ ಅದನ್ನು ತಂದ ದಿನ ಫೋನ್ ಮಾಡಿದ್ದರು.

ತೋಟದ ಒಂದು ಮೂಲೆಯ ಮೇಲೆ 11 ಕೆವಿ ಲೈನ್ ಹೋಗಿದೆ. ಎರಡು ವರ್ಷದಿಂದ ಅದು ಜೋತುಬಿದ್ದಿತ್ತು. ಎಳೆದು ಕಟ್ಟಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದರು. ಆ ದಿನ ಬೆಳಿಗ್ಗೆ ಇಬ್ಬನಿ ಜಾಸ್ತಿ ಇತ್ತು. ಒಂದು ಮರ ಮುಗಿಸಿ, ದೋಟಿಯನ್ನು ಮಲಗಿಸದೆ ನೆಟ್ಟಗೇ ಹಿಡಿದು ಪಕ್ಕದ ಮರಕ್ಕೆ ಹೆಜ್ಜೆ ಇಟ್ಟಿದ್ದಾರೆ. ಕೈ ಜಾರಬಾರದು ಅಂತ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದರು. ನಾನು ಊರಿಗೆ ಹೋದಾಗ ಆ ಟ್ಯೂಬ್ ಕರಗಿ ದೋಟಿಗೇ ಅಂಟಿಕೊಂಡಿತ್ತು. ಮರದ ಬುಡದಲ್ಲಿ ಅವರ ಎಲೆಅಡಿಕೆಯ ಕವಳದ ಚೀಲ ಹಾಗೇ ಇತ್ತು, ಬಾಯಿ ಬಿಚ್ಚಿರಲಿಲ್ಲ.

ಅವರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದಾಗಲೇ ಯಾರೋ ಲೈನಿಗೆ ಒರಗಿದ ದೋಟಿಯ ಫೋಟೋ ತೆಗೆದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಅದು ನಮ್ಮ ಹೈಸ್ಕೂಲ್ ಗ್ರೂಪಿಗೂ ಬಂತು. ಮೇಲೆ ಬರೆದಿತ್ತು: "ಗೃಹಜ್ಯೋತಿ ಫ್ರೀ ಅಂದಿದ್ದಕ್ಕೆ ನೇರ ಲೈನಿಗೇ ಕೈ ಹಾಕಿದ್ರು." ಕೆಳಗೆ ನಗುವ ಮುಖಗಳ ಸಾಲು. ಸಂಜೆಗೆ ಅದೇ ಸ್ಟಿಕ್ಕರ್ ಆಗಿತ್ತು. ಹಾಕಿದವನು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಸತ್ತವರು ನನ್ನ ಚಿಕ್ಕಪ್ಪ ಅಂತ ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತೂ ಹುಟ್ಟಿಕೊಂಡಿತು. "ಫೈಬರಿಗೆ ಕರೆಂಟ್ ಹರಿಯಲ್ಲ. ಅವರು ಕುಡಿದಿರಬೇಕು. ಇಲ್ಲಾಂದ್ರೆ ಫೋನಲ್ಲಿ ಮಾತಾಡ್ತಾ ತಂತಿನೇ ಮುಟ್ಟಿರಬೇಕು." ಚಿಕ್ಕಪ್ಪ ಜನ್ಮದಲ್ಲಿ ಕುಡಿದವರಲ್ಲ. ಅವರ ಫೋನ್ ಆವತ್ತು ಮನೆಯಲ್ಲಿ ಚಾರ್ಜಿಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ದೂರು ಹೇಳಿದ ಹಾಗಾಗುತ್ತದೆ. ನನ್ನ ತಪ್ಪನ್ನೂ ಹೇಳಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಬಿತ್ತು. ಒಳಗಿದ್ದ 242 ಜನರಲ್ಲಿ ಉಳಿದದ್ದು ಒಬ್ಬರೇ, 11ಎ ಸೀಟಿನವರು. ಒಂದೆರಡು ದಿನದಲ್ಲೇ 11ಎ ಸೀಟಿನ ಜೋಕುಗಳು ಶುರುವಾದವು. ಒಂದು ನನಗೆ ಬಹಳ ಹಿಡಿಸಿತು. ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಮೂರು ಗ್ರೂಪಿಗೆ ಕಳಿಸಿದೆ. ಆ ಉಳಿದ ವ್ಯಕ್ತಿಯ ಸಹೋದರನೂ ಅದೇ ವಿಮಾನದಲ್ಲಿದ್ದರು, ಬದುಕಲಿಲ್ಲ ಅನ್ನುವುದನ್ನು ಅಷ್ಟರಲ್ಲಿ ಪೇಪರಿನಲ್ಲಿ ಓದಿದ್ದೆ. ಓದಿಯೂ ಕಳಿಸಿದೆ. ಕಳಿಸುವಾಗ ಅವರ ಮುಖ ನನ್ನ ಕಣ್ಣ ಮುಂದೆ ಬರಲೇ ಇಲ್ಲ.

ಇನ್ನೊಂದು ವಿಷಯವೂ ಕಾಡುತ್ತಿದೆ. ವೈಕುಂಠ ಸಮಾರಾಧನೆಯ ದಿನ ಊಟ ಆದಮೇಲೆ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಚಿಕ್ಕಪ್ಪ ಬೆಂಗಳೂರಿಗೆ ಫೋನ್ ಮಾಡುವುದಾದರೆ ಅಂಗಳಕ್ಕೆ ಬಂದು, ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರು. ಬೆಂಗಳೂರು ದೂರ ಅಲ್ವಾ, ಹಾಗಾಗಿ. ಚಿಕ್ಕಮ್ಮನೇ ಎದ್ದು ನಿಂತು ಅದನ್ನು ಮಾಡಿ ತೋರಿಸಿದರು. ನಕ್ಕೂ ನಕ್ಕೂ ಎಲ್ಲರ ಕಣ್ಣಲ್ಲಿ ನೀರು. ಆ ನಗು ಯಾರಿಗೂ ನೋಯಿಸಲಿಲ್ಲ. ಆವತ್ತೇ ಮೊದಲ ಸಲ ಚಿಕ್ಕಮ್ಮ ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದರು.

ಹಾಗಾದರೆ ಗೆರೆ ಎಲ್ಲಿದೆ? ನಮ್ಮವರು ಸತ್ತರೆ ತಪ್ಪು, ದೂರದವರು ಸತ್ತರೆ ಸರಿ ಅಂತಲಾ? ನಿಮ್ಮ ಅನಿಸಿಕೆ ನಿಜವಾಗಿಯೂ ಬೇಕು.

———

ರಾತ್ರಿಪಾಳಿ:

ನಿಮ್ಮ ಚಿಕ್ಕಪ್ಪನ ಬಗ್ಗೆ ಓದಿ ಬೇಜಾರಾಯಿತು. ನಾನು ಒಂಬತ್ತು ವರ್ಷದಿಂದ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆದ್ದಾರಿ ಪಕ್ಕದ ತಾಲೂಕು, ಜಾಸ್ತಿ ಬರುವುದು ಬೈಕ್ ಕೇಸುಗಳೇ.

ನಾವು ನಗುತ್ತೇವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ರಾತ್ರಿ ಎರಡು ಗಂಟೆಗೆ ಕೇಸ್ ಇಳಿಸಿ, ಗಾಡಿ ತೊಳೆದು, ಟೀ ಕುಡಿಯುವಾಗ ನಾನೂ ಡ್ರೈವರೂ ನಗದೇ ಇದ್ದರೆ ಮರುದಿನ ಕೆಲಸಕ್ಕೆ ಬರಲು ಆಗುವುದಿಲ್ಲ. ಆದರೆ ನಾವು ಯಾತಕ್ಕೆ ನಗುತ್ತೇವೆ ಅಂತ ನಿಮ್ಮ ಪ್ರಶ್ನೆ ಓದಿದ ಮೇಲೆ ನೆನಪು ಮಾಡಿಕೊಂಡೆ. ಸ್ಟ್ರೆಚರ್ ಮೆಟ್ಟಿಲಲ್ಲಿ ಸಿಕ್ಕಿಕೊಂಡದ್ದಕ್ಕೆ. ನನ್ನ ಗ್ಲೌಸನ್ನು ನಾಯಿ ಕಚ್ಚಿಕೊಂಡು ಓಡಿದ್ದಕ್ಕೆ. ಕತ್ತಲಲ್ಲಿ ಡ್ರೈವರ್ ಗದ್ದೆಗೆ ಇಳಿದು ಸೊಂಟದ ತನಕ ಕೆಸರಾದದ್ದಕ್ಕೆ. ಸತ್ತವರು ಹೇಗೆ ಸತ್ತರು ಅನ್ನುವುದಕ್ಕೆ ನಕ್ಕದ್ದು ನೆನಪಿಲ್ಲ. ಹೊಸ ಹುಡುಗ ಒಬ್ಬ ಒಮ್ಮೆ ಹಾಗೆ ಏನೋ ಅಂದ. ಡ್ರೈವರ್ ಟೀ ಲೋಟ ಕೆಳಗಿಟ್ಟು ಗಾಡಿಗೆ ಹೋಗಿ ಕೂತ. ಆ ಹುಡುಗ ಮತ್ತೆ ಹಾಗೆ ಅನ್ನಲಿಲ್ಲ.

ಕಾರಣ ಇದೆ. ನಾವು ಮನೆಯವರ ಮುಖ ನೋಡಿರುತ್ತೇವೆ. ಅವರು ನಮ್ಮನ್ನು ಕೇಳುವುದು ಯಾವಾಗಲೂ ಒಂದೇ: "ಕೊನೆಗೆ ಏನಾದ್ರೂ ಹೇಳಿದ್ರಾ?" ಹಣದ ಬಗ್ಗೆ ಅಲ್ಲ, ಗಾಡಿ ಬಗ್ಗೆ ಅಲ್ಲ, ಇದೊಂದೇ. ತುಂಬಾ ಸಲ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ನೀವು 11ಎ ಕಳಿಸಿದ್ದು ತಪ್ಪೇ. ನಿಮಗೂ ಅದು ಗೊತ್ತಾಗಿದೆ. ಆದರೆ ನೀವು ಆವತ್ತು ತಪ್ಪು ಮಾಡಿದ್ದಕ್ಕೆ ಇವತ್ತಿನ ನೋವು ಸುಳ್ಳಾಗುವುದಿಲ್ಲ. ಕೋಪ ಮಾಡಿಕೊಳ್ಳಿ.

———

ಗುಂಡಿರಸ್ತೆ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ.

ಸಾವಿನ ಬಗ್ಗೆ ಜೋಕೇ ಬೇಡ ಅನ್ನುವ ಕಡೆಗೆ ಹೋಗಬಾರದು. ನಮ್ಮ ಏರಿಯಾದಲ್ಲಿ ಒಂದು ಗುಂಡಿಯಿಂದ ಪಕ್ಕದ ಬೀದಿಯ ಹುಡುಗಿ ಸ್ಕೂಟರಿಂದ ಬಿದ್ದು, ಹಿಂದಿನಿಂದ ಬಂದ ಲಾರಿಗೆ ಸಿಕ್ಕಿ ತೀರಿಕೊಂಡಳು. ಆಮೇಲೂ ಆ ಗುಂಡಿ ಮುಚ್ಚಲಿಲ್ಲ. ಮನವಿ ಕೊಟ್ಟೆವು, ಫೋಟೋ ಕಳಿಸಿದೆವು. ಕೊನೆಗೆ ನಾವು ನಾಲ್ಕು ಜನ ಸೇರಿ ಗುಂಡಿಯ ಸುತ್ತ ರಂಗೋಲಿ ಹಾಕಿ, "ಯಮಲೋಕಕ್ಕೆ ಸ್ವಾಗತ, ಪಾರ್ಕಿಂಗ್ ಉಚಿತ" ಅಂತ ಬೋರ್ಡ್ ನೆಟ್ಟೆವು. ಅದು ಎಲ್ಲ ಕಡೆ ಹರಿದಾಡಿತು. ಮೂರನೇ ದಿನಕ್ಕೆ ಟಾರು ಬಂತು. ಬೋರ್ಡ್ ನೆಡುವ ಮೊದಲು ಆ ಹುಡುಗಿಯ ಅಪ್ಪನನ್ನು ಕೇಳಿದ್ದೆವು. "ಹಾಕಿ" ಅಂದರು. ಬೋರ್ಡ್ ನೆಡಲು ನೆಲ ತೋಡುವ ಕೋಲನ್ನು ಅವರೇ ತಂದುಕೊಟ್ಟರು.

ಇದೇನು ಹೊಸದಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ಗುಂಡಿಯೊಳಗೆ ದೊಡ್ಡ ಮೊಸಳೆ ಮಾಡಿ ಇಟ್ಟದ್ದು ನೆನಪಿದೆಯಲ್ವಾ? ಎಲ್ಲರೂ ನಕ್ಕರು, ಗುಂಡಿಯೂ ಮುಚ್ಚಿತು. 2018ರಲ್ಲಿ ಬೆಂಗಳೂರಿನ ಟ್ರಾಫಿಕ್ ಪೊಲೀಸರೇ ಯಮನ ವೇಷದವರನ್ನು ರಸ್ತೆಗೆ ಇಳಿಸಿ, ಹೆಲ್ಮೆಟ್ ಇಲ್ಲದವರ ಮುಂದೆ ನಿಲ್ಲಿಸಿದ್ದರು. ಅದೂ ಸಾವಿನ ಮೇಲಿನ ತಮಾಷೆಯೇ.

ನನ್ನ ಲೆಕ್ಕ ಇಷ್ಟೇ. ಜೋಕು ಯಾರ ಕಡೆ ತಿರುಗಿದೆ ನೋಡಿ. ಗುಂಡಿಯ ಕಡೆ ತಿರುಗಿದ್ದರೆ ನಾನು ನಗುತ್ತೇನೆ. ಬಿದ್ದವಳ ಕಡೆ ತಿರುಗಿದ್ದರೆ ನಗುವುದಿಲ್ಲ. ನಿಮ್ಮ ಸ್ನೇಹಿತ ಜೋತುಬಿದ್ದ ಲೈನಿನ ಮೇಲೆ ಸ್ಟಿಕ್ಕರ್ ಮಾಡಿದ್ದರೆ ನೀವೇ ಅದನ್ನು ಹಂಚುತ್ತಿದ್ದಿರಿ ಅಂತ ನನಗೆ ಅನಿಸುತ್ತದೆ.

———

ಮೌನಿ:

ಆ ಗ್ರೂಪ್ ಬಿಟ್ಟುಬಿಡಿ. ನಾನು ನನ್ನ ಅಣ್ಣನ ವಿಷಯದಲ್ಲಿ ಬಿಡದೆ ಎರಡು ವರ್ಷ ಅನುಭವಿಸಿದೆ.

———

ಹದಿನೆಂಟರ ಜರ್ಸಿ:

2025ರ ಜೂನ್ 4ರ ಸಂಜೆ ನಾನು ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿದ್ದೆ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ನಿಮ್ಮ ಸೈಕಲ್ ಟ್ಯೂಬಿನ ಮಾತು ಓದಿದ ಮೇಲೆ ಬರೆಯಬೇಕು ಅನಿಸಿತು.

ಹಿಂದಿನ ರಾತ್ರಿ ಆರ್‌ಸಿಬಿ ಗೆದ್ದಿತ್ತು. 18 ವರ್ಷಕ್ಕೆ ಮೊದಲ ಕಪ್. ನಾನೂ ನನ್ನ ತಂಗಿಯೂ ರಾತ್ರಿ ಇಡೀ ನಿದ್ದೆ ಮಾಡಿರಲಿಲ್ಲ. ಮಧ್ಯಾಹ್ನ ಹೊರಟೆವು. 35 ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದರು ಅಂತ ಆಮೇಲೆ ಮುಖ್ಯಮಂತ್ರಿಗಳೇ ಹೇಳಿದರು. ನಮಗೆ ಅಲ್ಲಿ ಲಕ್ಷ ಕಾಣಿಸಲಿಲ್ಲ. ಮುಂದೆ ನಿಂತವರ ಬೆನ್ನು ಕಾಣಿಸುತ್ತಿತ್ತು, ಅಷ್ಟೇ.

ಒಂದು ಹಂತದಲ್ಲಿ ನನ್ನ ಕಾಲು ನೆಲ ಬಿಟ್ಟಿತು. ನಿಜವಾಗಿ ಹೇಳುತ್ತಿದ್ದೇನೆ. ನಾನು ನಡೆಯುತ್ತಿರಲಿಲ್ಲ. ಜನ ಎಡಕ್ಕೆ ವಾಲಿದರೆ ನಾನೂ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಕೈಯನ್ನು ಎದೆಯ ಮುಂದೆ ಅಡ್ಡ ಹಿಡಿದಿದ್ದೆ, ಅದು ಹೇಗೆ ತೋಚಿತೋ ಗೊತ್ತಿಲ್ಲ. ಉಸಿರು ಬಿಡಲು ಆಗುತ್ತಿತ್ತು, ಒಳಗೆ ಎಳೆಯಲು ಆಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಯಾರೋ ಅಣ್ಣ ತಂಗಿಯನ್ನು ಎತ್ತಿ ಬ್ಯಾರಿಕೇಡ್ ಮೇಲೆ ಕೂರಿಸಿದರು. ಅವರ ಮುಖ ನನಗೆ ನೆನಪಿಲ್ಲ. ವಾಚಿನ ಪಟ್ಟಿ ಹಸಿರು ಬಣ್ಣದ್ದು, ಅದು ನೆನಪಿದೆ.

11 ಜನ ಸತ್ತರು. ಆ ರಾತ್ರಿಯೇ ಶುರುವಾಯಿತು. "18 ವರ್ಷ ಕಾದವರಿಗೆ 18 ನಿಮಿಷ ಕಾಯೋಕೆ ಆಗ್ಲಿಲ್ವಾ" ಅಂತ ಒಂದು. "ಈ ಸಲ ಕಪ್ ನಮ್ದೆ" ಅನ್ನುವುದನ್ನೇ ತಿರುಚಿ ಇನ್ನೊಂದು, ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಬೇರೆ ಊರಿನವರು ಮಾತ್ರ ಅಲ್ಲ, ನಮ್ಮವರೂ ಹಂಚಿದರು. ಎಲ್ಲದರ ಒಳಗಿನ ಮಾತು ಒಂದೇ: ಹುಚ್ಚು ಅಭಿಮಾನ, ಒಬ್ಬರನ್ನೊಬ್ಬರು ತುಳಿದುಕೊಂಡು ಸತ್ತರು.

ನಮ್ಮ "ಕಾಲ್ತುಳಿತ" ಅನ್ನುವ ಪದವೇ ಇದಕ್ಕೆ ದಾರಿ ಮಾಡಿಕೊಡುತ್ತದೆ. ಆ ಪದ ಕೇಳಿದರೆ ಯಾರೋ ಓಡಿ ಬಂದು ಯಾರನ್ನೋ ತುಳಿದ ಚಿತ್ರ ಬರುತ್ತದೆ. ಇಂಥ ಕಡೆ ಸಾಯುವವರಲ್ಲಿ ಹೆಚ್ಚಿನವರು ಉಸಿರು ಕಟ್ಟಿ ಸಾಯುತ್ತಾರೆ. ಎದೆ ಹಿಗ್ಗಲು ಜಾಗ ಇರುವುದಿಲ್ಲ. ನಿಂತಲ್ಲೇ ಸಾಯುತ್ತಾರೆ. ಒಂದು ಚದರ ಮೀಟರಿನಲ್ಲಿ ಆರು ಏಳು ಜನ ಸೇರಿದರೆ ಗುಂಪು ನೀರಿನ ಹಾಗೆ ಆಗಿಬಿಡುತ್ತದೆ. ಅಲ್ಲಿ ಯಾರ ಇಷ್ಟವೂ ನಡೆಯುವುದಿಲ್ಲ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಅಂತಲೇ ಗೊತ್ತಿರುವುದಿಲ್ಲ. ಯಾವ ದಾರಿ ತೆರೆಯಬೇಕು, ಎಷ್ಟು ಜನರನ್ನು ಬಿಡಬೇಕು, ಎಲ್ಲಿ ತಡೆಯಬೇಕು, ಇದೆಲ್ಲ ಮೊದಲೇ ತೀರ್ಮಾನ ಆಗಬೇಕಾದ ವಿಷಯ. ಅದನ್ನು ನೋಡಲು ಸರ್ಕಾರ ಆಯೋಗ ಮಾಡಿತು. ಆದರೆ ಜೋಕು ಮಾಡಿದವರಿಗೆ ಆಯೋಗ ಬೇಕಾಗಿರಲಿಲ್ಲ. ಅವರ ತೀರ್ಪು ಆ ರಾತ್ರಿಯೇ ಬಂದಾಗಿತ್ತು.

ಗುಂಡಿರಸ್ತೆ ಅವರೇ, ಜೋಕು ಯಾರ ಕಡೆ ತಿರುಗಿದೆ ನೋಡಿ ಅಂದಿರಿ. ಅದನ್ನು ಒಪ್ಪುತ್ತೇನೆ. ಆದರೆ ಯಾರ ತಪ್ಪು ಅಂತ ಗೊತ್ತಾಗುವ ಮೊದಲೇ ಜೋಕು ತಿರುಗಿಬಿಟ್ಟಿರುತ್ತದಲ್ಲ, ನನಗೆ ಅದೇ ಭಯ.

ಮರುದಿನದ ಪೇಪರಿನಲ್ಲಿ ರಸ್ತೆ ತುಂಬಾ ಚಪ್ಪಲಿಗಳ ಫೋಟೋ ಬಂದಿತ್ತು. ಅದರಲ್ಲಿ ತಂಗಿಯದೂ ಇರಬಹುದು ಅಂತ ತುಂಬಾ ಹೊತ್ತು ಹುಡುಕಿದೆ.

———

ಲೇತ್ ಕೆಲಸಗಾರ:

ಅಡಿಕೆಸೀಮೆ ಅವರೇ, ಮೊದಲು ಒಂದು ತುರ್ತು ವಿಷಯ. ಇದನ್ನು ದಯವಿಟ್ಟು ನಿಮ್ಮ ಊರಿನವರಿಗೆ ತಲುಪಿಸಿ.

ನೀವು ದೋಟಿ ಕಪ್ಪಗೆ, ಹಗುರವಾಗಿ ಇತ್ತು ಅಂದಿರಿ. ಈಗ ಅಡಿಕೆ ಸೀಮೆಯಲ್ಲಿ ಜಾಸ್ತಿ ಬಂದಿರುವುದು ಕಾರ್ಬನ್ ಫೈಬರ್ ದೋಟಿ. ಚಿಕ್ಕಪ್ಪನದೂ ಅದೇ ಇರಬೇಕು. ಹಾಗಿದ್ದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಫೈಬರ್ ಅನ್ನುವ ಒಂದು ಪದ ಕೇಳಿ ಜನ ಮೋಸ ಹೋಗುತ್ತಾರೆ. ಗಾಜಿನ ಎಳೆಯ ಫೈಬರ್ ಬೇರೆ, ಒಣಗಿದ್ದಾಗ ಅದು ಕರೆಂಟ್ ತಡೆಯುತ್ತದೆ. ಕಾರ್ಬನ್ ಹಾಗಲ್ಲ. ಚಿಕ್ಕಂದಿನಲ್ಲಿ ಹಳೇ ಟಾರ್ಚ್ ಶೆಲ್ ಒಡೆದು ನಡುವಿನ ಕಪ್ಪು ಕಡ್ಡಿ ತೆಗೆದು ಗೋಡೆ ಮೇಲೆ ಬರೆದಿದ್ದೀರಲ್ವಾ? ಆ ಕಡ್ಡಿಯೇ ಕಾರ್ಬನ್. ಶೆಲ್ಲಿನ ಕರೆಂಟ್ ಹೊರಗೆ ಬರುವುದೇ ಅದರ ಮೂಲಕ. ಕಾರ್ಬನ್ನಿನ ಮೀನು ಹಿಡಿಯುವ ಕೋಲುಗಳ ಮೇಲೆ ಕರೆಂಟ್ ಲೈನಿನ ಹತ್ತಿರ ಒಯ್ಯಬೇಡಿ ಅಂತ ಎಚ್ಚರಿಕೆ ಅಂಟಿಸುವುದು ಇದಕ್ಕೇ.

ಅದರ ಮೇಲೆ ಇಬ್ಬನಿ. 11 ಕೆವಿ ಮುಂದೆ ಸೈಕಲ್ ಟ್ಯೂಬ್ ಏನೇನೂ ಅಲ್ಲ. ನಿಮ್ಮ ಚಿಕ್ಕಪ್ಪ ತಂತಿ ಮುಟ್ಟಿರಬೇಕಾಗಿಲ್ಲ. ಅವರು ತಮಗೆ ತಿಳಿದಷ್ಟು ಜಾಗ್ರತೆ ಮಾಡಿಯೇ ಇದ್ದರು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಇನ್ನೂ ಅಪಾಯ, ಆಗ ದೋಟಿ, ಪೈಪು, ಕೈ ಎಲ್ಲ ಒದ್ದೆ. ಲೈನ್ ಹಾದುಹೋದ ಸಾಲಿನಲ್ಲಿ ಯಾವ ದೋಟಿಯನ್ನೂ ಎತ್ತಬೇಡಿ. ಎತ್ತಲೇಬೇಕಾದರೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ತೆಗೆಸಿ, ತೆಗೆದದ್ದನ್ನು ಲೈನ್‌ಮನ್ ಬಾಯಿಂದಲೇ ಖಚಿತ ಮಾಡಿಕೊಂಡು ಎತ್ತಿ.

ಇನ್ನು ನಿಮ್ಮ ಪ್ರಶ್ನೆ. ಕಾರ್ಬನ್ ಫೈಬರ್ ಅಂದಾಗ ನನಗೆ 2023ರ ಜೂನ್ ನೆನಪಾಗುತ್ತದೆ. ಟೈಟಾನಿಕ್ ನೋಡಲು ಐದು ಜನ ಟೈಟನ್ ಅನ್ನುವ ಸಣ್ಣ ಸಬ್‌ಮರ್ಸಿಬಲ್‌ನಲ್ಲಿ ಇಳಿದರು. ಜೂನ್ 18ರಂದು ಸಂಪರ್ಕ ತಪ್ಪಿತು. ಅವಶೇಷ ಸಿಕ್ಕಿದ್ದು 22ರಂದು. ನಡುವಿನ ನಾಲ್ಕು ದಿನ ಇಡೀ ಜಗತ್ತು ಜೋಕು ಮಾಡಿತು. ನಮ್ಮ ವರ್ಕ್‌ಶಾಪಿನಲ್ಲೂ ಮಾಡಿದೆವು. ಅದನ್ನು ವಿಡಿಯೋ ಗೇಮಿನ ಕಂಟ್ರೋಲರ್ ಹಿಡಿದು ನಡೆಸುತ್ತಾರಂತೆ ಅನ್ನುವುದೇ ಎಲ್ಲರಿಗೂ ದೊಡ್ಡ ನಗು. ಕೋಟಿಗಟ್ಟಲೆ ದುಡ್ಡಿದ್ದವರಿಗೆ ಬುದ್ಧಿ ಇಲ್ಲ ಅಂತ. ಒಳಗಿದ್ದವರಲ್ಲಿ 19 ವರ್ಷದ ಹುಡುಗ ಒಬ್ಬ, ಅಪ್ಪನ ಜೊತೆ ಹೋಗಿದ್ದ. ಅವನ ಅಮ್ಮ ಮೇಲೆ ಹಡಗಿನಲ್ಲಿ ಕಾಯುತ್ತಿದ್ದರು. ನಾವು ನಗುತ್ತಿದ್ದಾಗಲೂ ಕಾಯುತ್ತಲೇ ಇದ್ದರು.

ಆ ಕಂಟ್ರೋಲರ್ ಯಾರನ್ನೂ ಕೊಲ್ಲಲಿಲ್ಲ. ಅಮೆರಿಕದ ನೌಕಾಪಡೆಯೂ ತನ್ನ ಕೆಲವು ಸಬ್‌ಮರೀನ್‌ಗಳಲ್ಲಿ ಪೆರಿಸ್ಕೋಪ್ ತಿರುಗಿಸಲು ಅಂಥದ್ದೇ ಬಳಸುತ್ತದೆ. ಒಡೆದದ್ದು ಕಾರ್ಬನ್ ಫೈಬರಿನ ಹೊರಕವಚ. ಸುಮಾರು 3,800 ಮೀಟರ್ ಆಳದ ನೀರಿನ ಒತ್ತಡವನ್ನು ಅದು ಮತ್ತೆ ಮತ್ತೆ ತಡೆಯಲಾರದು ಅನ್ನುವ ಅನುಮಾನ ಹೊಸದಲ್ಲ. ಆ ಕಂಪನಿಯದೇ ಒಬ್ಬ ಅಧಿಕಾರಿ 2018ರಲ್ಲೇ ಕವಚದ ಬಗ್ಗೆ ಬರೆದುಕೊಟ್ಟಿದ್ದರು. ಅವರನ್ನು ಕೆಲಸದಿಂದ ತೆಗೆದರು. ಇದು ತಡೆಯಬಹುದಾಗಿದ್ದ ಅಪಘಾತ ಅಂತ ಅಮೆರಿಕದ ಕರಾವಳಿ ಪಡೆಯ ವರದಿ 2025ರಲ್ಲಿ ಹೇಳಿತು.

ನಾನು ಕಬ್ಬಿಣ ಕಡೆಯುವ ಕೆಲಸದವನು. ಯಾವ ವಸ್ತು ಎಷ್ಟು ತಡೆಯುತ್ತದೆ ಅನ್ನುವುದೇ ನನ್ನ ಅನ್ನ. ಆ ನಾಲ್ಕು ದಿನ ನಾನು ಕೂಡ ಕವಚ ಯಾವುದರದ್ದು ಅಂತ ಕೇಳಲಿಲ್ಲ. ಕಂಟ್ರೋಲರ್ ನೋಡಿ ನಕ್ಕೆ. ನಕ್ಕ ಮೇಲೆ ಕೇಳಬೇಕು ಅನಿಸಲೇ ಇಲ್ಲ. ನಿಮ್ಮೂರಲ್ಲೂ ಅದೇ ಆಗಿದೆ. "ಕುಡಿದಿರಬೇಕು" ಅಂದವರಲ್ಲಿ ಒಬ್ಬರಾದರೂ ದೋಟಿ ಯಾವುದರದ್ದು ಅಂತ ಕೇಳಿದರಾ?

———

ಅಡಿಕೆಸೀಮೆ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ.

ಲೇತ್ ಕೆಲಸಗಾರ ಅವರೇ, ಇಲ್ಲ, ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಫೈಬರಿಗೆ ಕರೆಂಟ್ ಹರಿಯಲ್ಲ ಅಂತ ನಾನೂ ನಂಬಿದ್ದೆ. ಹಾಗಾಗಿ ಒಳಗೊಳಗೇ ನನಗೂ ಅನುಮಾನ ಇತ್ತು. ಚಿಕ್ಕಪ್ಪ ಏನೋ ಎಡವಟ್ಟು ಮಾಡಿರಬೇಕು ಅಂತ. ಇದನ್ನು ಬರೆಯಲು ಕಷ್ಟವಾಗುತ್ತಿದೆ. ನಿಮ್ಮ ಉತ್ತರ ಓದಿದ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿ ದೋಟಿ ತಂದಾಗಿನ ಚೀಟಿ ಹುಡುಕಿಸಿದೆ. ಕಾರ್ಬನ್ ಅಂತಲೇ ಇದೆ. ಟಾರ್ಚ್ ಶೆಲ್ಲಿನ ಕಡ್ಡಿಯ ವಿಷಯ ಹೇಳಿದೆ. ಸುಮಾರು ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ "ಹಾಗಾದ್ರೆ ಅವರದ್ದೇನೂ ತಪ್ಪಿರಲಿಲ್ಲ ಅಲ್ವಾ" ಅಂದರು. ಇಷ್ಟು ದಿನ ಅವರ ಮನಸ್ಸಿನಲ್ಲೂ ಅದು ಕೊರೆಯುತ್ತಿತ್ತು ಅಂತ ನನಗೆ ಆಗಲೇ ಗೊತ್ತಾದದ್ದು. ಊರಲ್ಲಿ ಓಡಾಡಿದ ಮಾತು ಮನೆಯ ಒಳಗೂ ಬಂದು ಕೂತಿತ್ತು.

ಹದಿನೆಂಟರ ಜರ್ಸಿ ಅವರೇ, ಜೂನ್ 4ರ ಜೋಕುಗಳು ನನ್ನ ಫೋನಿಗೂ ಬಂದಿದ್ದವು. ನಾನು ಕಳಿಸಲಿಲ್ಲ, ಆದರೆ ಯಾರಿಗೂ ಬೇಡ ಅಂತಲೂ ಹೇಳಲಿಲ್ಲ. ನಿಮ್ಮ ತಂಗಿ ಈಗ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ಗುಂಡಿರಸ್ತೆ ಅವರೇ, ಹೌದು, ಲೈನಿನ ಮೇಲೆ ಮಾಡಿದ್ದರೆ ನಾನು ಹಂಚುತ್ತಿದ್ದೆ. ಆದರೆ ನೀವು ಮೊದಲು ಆ ಹುಡುಗಿಯ ಅಪ್ಪನನ್ನು ಕೇಳಿದಿರಲ್ಲ. ನನ್ನ ಮಟ್ಟಿಗೆ ಗೆರೆ ಇರುವುದು ಅಲ್ಲೇ ಅನಿಸುತ್ತದೆ. ಚಿಕ್ಕಮ್ಮನನ್ನು ಕೇಳಿ ಆ ಸ್ಟಿಕ್ಕರ್ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. 11ಎ ಕಳಿಸುವ ಮೊದಲು ಆ ಮನುಷ್ಯನ ಎದುರು ನಿಂತು ಕೇಳಲು ನನ್ನಿಂದಲೂ ಆಗುತ್ತಿರಲಿಲ್ಲ. ಆ ಮೂರು ಗ್ರೂಪಿನಲ್ಲಿ ಅದನ್ನು ಅಳಿಸಲು ನೋಡಿದೆ, ಆಗಲಿಲ್ಲ, ತುಂಬಾ ಹಳೆಯದಾಗಿತ್ತು. ಕಳಿಸಿದ್ದು ತಪ್ಪು ಅಂತ ಅದರ ಕೆಳಗೇ ಬರೆದೆ.

ನಿನ್ನೆ ಆ ಬೆಂಚ್‌ಮೇಟಿಗೆ ಫೋನ್ ಮಾಡಿದೆ. ಬೈಯಬೇಕು ಅಂತಲೇ ಮಾಡಿದ್ದು. "ಅವರು ನಮ್ಮ ಚಿಕ್ಕಪ್ಪ ಕಣೋ" ಅಂದೆ. ಅವನು ಏನೂ ಮಾತಾಡಲಿಲ್ಲ. ಮಕ್ಕಳು ಟಿವಿ ನೋಡುತ್ತಿರುವ ಸದ್ದು ಕೇಳುತ್ತಿತ್ತು. ಕ್ಷಮಿಸು ಅಂತ ಎರಡು ಸಲ ಹೇಳಿದ. ನಾನು ಕಾರ್ಬನ್ ವಿಷಯ ಹೇಳಿ ಫೋನ್ ಇಟ್ಟೆ. ಬೈಯಲು ಆಗಲಿಲ್ಲ.

ರಾತ್ರಿ ಹತ್ತೂವರೆಗೆ ಅವನ ಮೆಸೇಜ್ ಬಂತು. "ನಮ್ಮನೇಲೂ ಅದೇ ಕಪ್ಪು ದೋಟಿ ಇದೆ. ಅಪ್ಪ ನಾಳೆ ಕೆಳಗಿನ ತೋಟದಲ್ಲಿ ಕೊನೆ ಕೊಯ್ಯೋರಿದ್ದಾರೆ. ಅಲ್ಲಿ ಲೈನ್ ಹೋಗಿದೆ. ಆ ನಂಬರ್ ಇನ್ನೊಂದ್ಸಲ ಹೇಳು."

1912 ಅಂತ ಕಳಿಸಿದೆ. ಬೆಳಿಗ್ಗೆ ಏಳಕ್ಕೇ ಫೋನ್ ಮಾಡು, ಲೈನ್‌ಮನ್ ಬರುವ ತನಕ ಅಪ್ಪನನ್ನು ತೋಟಕ್ಕೆ ಬಿಡಬೇಡ ಅಂತಲೂ ಬರೆದೆ. ಅವನು ಬಿಡಲಿಲ್ಲ. ಇವತ್ತು ಮಧ್ಯಾಹ್ನ ಅವರ ಮನೆ ಜಗಲಿಯ ಫೋಟೋ ಕಳಿಸಿದ್ದಾನೆ. ದೋಟಿಯನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ.